ಚರ್ಚ್ ಯುವಜನ ಕೂಟದ ನಾಲ್ಕು ದಿನದ ಸೇವಾ ಪ್ರವಾಸ, ಮಳವಳ್ಳಿ ಕಡೆ: ಐದಕ್ಕೆ ನಾಲ್ಕು ಕೊಡುತ್ತೇನೆ

ಕಳೆದ ಡಿಸೆಂಬರ್ 27ರಿಂದ 30ರವರೆಗೆ ಮೈಸೂರಿನ ನಮ್ಮ ಚರ್ಚಿನ ಯುವಜನ ಕೂಟದ ಜೊತೆ ಮಳವಳ್ಳಿ ತಾಲ್ಲೂಕಿನ ಒಂದು ಊರಿಗೆ ಹೋಗಿ ಬಂದೆ. ಹುಡುಗ ಹುಡುಗಿಯರು ಇಪ್ಪತ್ತೆರಡು ಜನ, ದೊಡ್ಡವರು ಐದು ಜನ. ಹುಡುಗಿಯರ ಜೊತೆ ಉಳಿಯೋದಕ್ಕೆ ಹೆಂಗಸರು ಬೇಕು ಅಂತ ಭಾನುವಾರದ ಪೂಜೆ ಆದಮೇಲೆ ಕೇಳಿದರು, ನಾನು ಬರುತ್ತೇನೆ ಅಂದೆ. ಈಗ ಏಪ್ರಿಲ್ ಪ್ರವಾಸಕ್ಕೆ ಹೆಸರು ಬರೆಸಿಕೊಳ್ಳುತ್ತಿದ್ದಾರೆ, ಮಕ್ಕಳನ್ನು ಕಳಿಸಬಹುದಾ ಅಂತ ಸುಮಾರು ತಾಯಂದಿರು ನನ್ನನ್ನು ಕೇಳಿದರು, ಅದಕ್ಕೇ ಎಲ್ಲಾ ಒಂದೇ ಕಡೆ ಬರೆದುಬಿಡುತ್ತಿದ್ದೇನೆ. ಕಳಿಸಿ. ಯಾಕೆ ಅಂತಲೂ ಹೇಳುತ್ತೇನೆ, ಎಲ್ಲಿ ಸರಿ ಇರಲಿಲ್ಲ ಅಂತಲೂ ಹೇಳುತ್ತೇನೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ, ಅಲ್ಲಿನ ವಯಸ್ಸಾದವರ ಕಾಯಿಲೆಯ ವಿಷಯ, ದುಡ್ಡಿನ ವಿಷಯ ಇದರಲ್ಲಿ ಬರುತ್ತದೆ.

ಇದು ನನ್ನ ಮೊದಲ ಸೇವಾ ಪ್ರವಾಸ ಅಲ್ಲ. ಪಿಯುಸಿ ಓದುವಾಗ ಬೇರೊಂದು ಗುಂಪಿನ ಜೊತೆ ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಇಳಿದೆವು, ಮಧ್ಯಾಹ್ನ ಮೂರಕ್ಕೆ ಬಸ್ಸು ಹತ್ತಿದೆವು. ನಡುವೆ ಮನೆಗೊಂದು ಚೀಲ ಹಂಚಿದೆವು. ಚೀಲದಲ್ಲಿ ಎರಡು ಕೆಜಿ ಮೈದಾ, ಒಂದು ಕೆಜಿ ಗೋಧಿ ಹಿಟ್ಟು, ಬಿಸ್ಕೆಟ್, ಒಂದು ರಗ್ಗು. ದಿನಾ ಮುದ್ದೆ ಉಣ್ಣುವ ಮನೆಗೆ ಮೈದಾ! ಒಬ್ಬ ಅಮ್ಮ ಚೀಲ ಬಿಚ್ಚಿ ನೋಡಿ, "ಇದ್ರಲ್ಲಿ ಏನ್ ಮಾಡದವ್ವ?" ಅಂತ ನನ್ನನ್ನೇ ಕೇಳಿದರು. ಬೇಜಾರು ಮಾಡಿಕೊಂಡು ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಬಂದೆವು. ಆಮೇಲೆ ಬಹಳ ವರ್ಷ ಇಂಥ ಪ್ರವಾಸ ಅಂದರೆ ದೂರವೇ ಇದ್ದೆ.

ಈ ಸಲ ಒಪ್ಪಿಕೊಂಡಿದ್ದು ಒಂದೇ ಕಾರಣಕ್ಕೆ. ಇವರು ಮೊದಲು ಹೋಗಿ ಕೇಳಿಕೊಂಡು ಬಂದಿದ್ದರು. ನವೆಂಬರ್‌ನಲ್ಲಿ ಎರಡು ಭಾನುವಾರ ಕೂಟ ನಡೆಸುವ ಅಣ್ಣ ಮತ್ತು ಅಕ್ಕ ಬರಿಗೈಯಲ್ಲಿ ಆ ಊರಿಗೆ ಹೋಗಿ, ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿ ಟೀಚರನ್ನೂ ಮಾತಾಡಿಸಿ, ಜಗಲಿ ಜಗಲಿಯಲ್ಲಿ ಕೂತು ನಿಮಗೆ ಏನು ತೊಂದರೆ ಅಂತ ವಿಚಾರಿಸಿದ್ದರು. ಕೂಟದವರ ತಲೆಯಲ್ಲಿ ಮೊದಲು ಇದ್ದಿದ್ದು ರಗ್ಗು ಹಂಚುವ ಯೋಜನೆಯೇ, ಚಳಿಗಾಲ ಅಲ್ವಾ. ಅಲ್ಲಿ ಒಬ್ಬ ಅಜ್ಜಿ ಹೇಳಿದರಂತೆ: "ರಗ್ಗು ಅವೆ ಕಣ್ ಮಗ. ನನ್ ಕಣ್ಗೊಂದು ದಾರಿ ಮಾಡಿ." ರಗ್ಗಿಗೆ ಅಂತ ಕೂಡಿಸಿದ್ದ ದುಡ್ಡು ಆಸ್ಪತ್ರೆಗೆ ಓಡಾಡುವ ವ್ಯಾನಿಗೆ ಹೋಯಿತು. ಪ್ರವಾಸಕ್ಕೆ ಹತ್ತು ದಿನ ಮುಂಚೆ ಮೈಸೂರಿನ ಒಂದು ಕಣ್ಣಾಸ್ಪತ್ರೆಯವರು ಬಂದು ಶಾಲೆಯಲ್ಲಿ ಕೂತು ಎಲ್ಲರ ಕಣ್ಣು ನೋಡಿದರು. ಒಂಬತ್ತು ಜನಕ್ಕೆ ಪೊರೆ ತೆಗೆಯಬೇಕು ಅಂದರು.

ಹೊರಡುವ ಮೊದಲು ಮಕ್ಕಳಿಗೆ ಮೂರು ಸಭೆ ಇಟ್ಟಿದ್ದರು, ಮೂರಕ್ಕೂ ಬರದವರಿಗೆ ಜಾಗ ಇಲ್ಲ. ಒಂದು ಸಭೆಯಲ್ಲಿ ನಮ್ಮ ಚರ್ಚಿನ ಹಿರಿಯರೊಬ್ಬರು ಅಬೆ ದುಬಾಯ್ ಬಗ್ಗೆ ಹೇಳಿದರು. ಟಿಪ್ಪು ಸತ್ತ ಮೇಲೆ, 1800ರ ಆಸುಪಾಸಿನಲ್ಲಿ, ಶ್ರೀರಂಗಪಟ್ಟಣದ ಗಂಜಾಂ ಕಡೆ ಇದ್ದ ಫ್ರೆಂಚ್ ಪಾದ್ರಿ. ಇಲ್ಲಿನವರ ಹಾಗೇ ಬಟ್ಟೆ ತೊಟ್ಟು, ಇಲ್ಲಿನ ಊಟ ಉಂಡು, ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತವರು, ಜನ ದೊಡ್ಡ ಸ್ವಾಮಿಯವರು ಅಂತ ಕರೆಯುತ್ತಿದ್ದರಂತೆ. ಮಕ್ಕಳು ಗಂಜಾಂ ಚರ್ಚ್ ನೋಡಿದ್ದರು, ಈ ಕತೆ ಗೊತ್ತಿರಲಿಲ್ಲ. ನನಗೆ ನಮ್ಮ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ನೆನಪಾಯಿತು. ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1906ರಿಂದ ಇದೆ, ಹೆಂಗಸರು ಮಕ್ಕಳಿಗೆ ಅಂತ ಶುರುವಾದದ್ದು. ನಾನು ಹುಟ್ಟಿದ್ದೇ ಅಲ್ಲಿ. ಸೇವೆ ಅಂದರೆ ಒಂದು ಕಡೆ ನಿಂತು ಮಾಡುವ ಕೆಲಸ ಅಂತ ಮಕ್ಕಳಿಗೆ ಹೇಳೋದಕ್ಕೆ ನಮ್ಮೂರಲ್ಲೇ ಇಷ್ಟೆಲ್ಲಾ ಇದೆ, ದೂರ ಹೋಗಬೇಕಾಗಿಲ್ಲ.

ತಲೆಗೆ 850 ರೂಪಾಯಿ ತೆಗೆದುಕೊಂಡರು, ಊಟ ಪ್ರಯಾಣ ಎಲ್ಲಾ ಸೇರಿ. ಕೊಡಲಾಗದ ನಾಲ್ಕು ಮಕ್ಕಳದ್ದು ಯಾರಿಗೂ ಗೊತ್ತಾಗದ ಹಾಗೆ ಬೇರೆಯವರು ಕಟ್ಟಿದರು. ಬನ್ನೂರು ದಾರಿಯಲ್ಲಿ ಬಸ್ಸು. ಬೆಳಿಗ್ಗೆ ಮಂಜು, ಗದ್ದೆ ಬಯಲು ಕಾಣುತ್ತಲೇ ಇರಲಿಲ್ಲ.

ಈಗ ಕಣ್ಣಿನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಈ ಪ್ರವಾಸದಲ್ಲಿ ನಾನು ಮೆಚ್ಚಿದ್ದು ಅದನ್ನೇ.

ಮೊದಲ ದಿನವೇ ಒಂಬತ್ತು ಜನರನ್ನು ವ್ಯಾನಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಒಬ್ಬೊಬ್ಬರಿಗೂ ಒಬ್ಬ ಹುಡುಗ ಇಲ್ಲಾ ಹುಡುಗಿ ಜೊತೆ. ಬಿಪಿ, ಶುಗರ್ ನೋಡಿದಾಗ ಒಬ್ಬ ತಾತನ ಶುಗರ್ ತುಂಬಾ ಜಾಸ್ತಿ ಇತ್ತು, ಅದು ಇಳಿಯೋವರೆಗೆ ಆಪರೇಷನ್ ಬೇಡ ಅಂದರು. ತಾತ ವ್ಯಾನಿನಲ್ಲಿ ಒಬ್ಬರೇ ವಾಪಸ್ ಬಂದರು, ಮುಖ ಸಪ್ಪಗಾಗಿತ್ತು. ಉಳಿದ ಎಂಟು ಜನಕ್ಕೆ ಮಾರನೇ ದಿನ ಆಪರೇಷನ್ ಆಯಿತು, ಮೂರನೇ ದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಊರಿಗೆ ಕಳಿಸಿದರು.

ಶಿಬಿರ ಅಂತ ಮಾಡುವವರು ಬಹಳ ಜನ ಇಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಕಷ್ಟ ಇರುವುದು ಆಮೇಲೆ. ಎರಡು ಬಾಟಲಿ ಡ್ರಾಪ್ಸ್ ಕೊಟ್ಟಿರುತ್ತಾರೆ. ಒಂದನ್ನು ದಿನಕ್ಕೆ ಆರು ಸಲ ಹಾಕಿ, ವಾರ ವಾರಕ್ಕೆ ಒಂದೊಂದು ಸಲ ಕಡಿಮೆ ಮಾಡಬೇಕು. ಇನ್ನೊಂದನ್ನು ದಿನಕ್ಕೆ ನಾಲ್ಕು ಸಲ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು, ಇಲ್ಲದಿದ್ದರೆ ಮೊದಲನೆಯದು ತೊಳೆದು ಹೋಗುತ್ತದೆ. ತಲೆಗೆ ನೀರು ಹಾಕಿಕೊಳ್ಳಬಾರದು, ಕಣ್ಣು ಉಜ್ಜಬಾರದು, ಭಾರ ಎತ್ತಬಾರದು, ಒಲೆ ಮುಂದೆ ಹೊಗೆಯಲ್ಲಿ ಕೂರಬಾರದು. ಒಂಟಿ ಅಜ್ಜಿ ಇವನ್ನೆಲ್ಲಾ ಹೇಗೆ ಪಾಲಿಸೋದು ಹೇಳಿ. ಬಿಂದಿಗೆ ಯಾರು ಹೊರೋದು, ಸೌದೆ ಒಲೆ ಯಾರು ಹಚ್ಚೋದು?

ಕಣ್ಣಿಗೊಂದು ದಾರಿ ಮಾಡಿ ಅಂದ ಅದೇ ಅಜ್ಜಿಯ ಮನೆಗೆ ನಾನೂ, ಹತ್ತನೇ ಕ್ಲಾಸಿನ ಒಬ್ಬ ಹುಡುಗನೂ ಹೋಗಿದ್ದೆವು. ಆಸ್ಪತ್ರೆಯ ಸಿಸ್ಟರ್ ಮಕ್ಕಳಿಗೆ ಡ್ರಾಪ್ಸ್ ಹಾಕುವುದನ್ನು ಕಲಿಸಿ ಕಳಿಸಿದ್ದರು. ಕೈ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಆ ಸಂದಿಗೆ ಒಂದೇ ಹನಿ, ಬಾಟಲಿ ತುದಿ ಕಣ್ಣಿಗೆ ತಾಗಬಾರದು. ಮೊದಲ ಸಲ ಹುಡುಗನ ಕೈ ನಡುಗಿ ಹನಿ ಕೆನ್ನೆ ಮೇಲೆ ಬಿತ್ತು. "ಭಯ ಬೀಳ್ಬ್ಯಾಡ ಕಣ್ ಕೂಸೆ, ನಾನೆಲ್ಲೂ ಓಡೋಯ್ತಿಲ್ಲ" ಅಂತ ಅಜ್ಜಿಯೇ ಅವನಿಗೆ ಧೈರ್ಯ ಹೇಳಿದರು.

ಅಜ್ಜಿಗೆ ಓದಲು ಬರುವುದಿಲ್ಲ, ಆಸ್ಪತ್ರೆ ಚೀಟಿ ಅವರಿಗೆ ಬರೀ ಕಾಗದ. ಆ ಹುಡುಗ ಕ್ರಿಸ್‌ಮಸ್ ನಕ್ಷತ್ರ ಬಂದಿದ್ದ ರಟ್ಟಿನ ಡಬ್ಬ ಬಿಚ್ಚಿ, ಅದರ ಒಳಮೈ ಮೇಲೆ ಚಿತ್ರ ಬರೆದ. ಬಿಳಿ ಮುಚ್ಚಳದ ಬಾಟಲಿ ಒಂದು ಸಾಲು, ಗುಲಾಬಿ ಮುಚ್ಚಳದ್ದು ಇನ್ನೊಂದು ಸಾಲು. ಹೊತ್ತಿಗೆ ಅಂತ ಗಡಿಯಾರ ಬರೆದಿದ್ದ, ಎಂಟು ಗಂಟೆ, ಹನ್ನೆರಡು ಗಂಟೆ ಹೀಗೆ. ಅಜ್ಜಿ ನೋಡಿ, "ಗಡಿಯಾರ ಯಾರ್ ಮನೇಲೈತೆ? ಡೈರಿಗೆ ಹಾಲು ಹಾಕೋ ಹೊತ್ತು ಅಂತ ಬರಿ, ಅದು ನಂಗೆ ಗೊತ್ತಾಯ್ತದೆ" ಅಂದರು. ಅವನು ಎಲ್ಲಾ ಅಳಿಸಿ ಮತ್ತೆ ಬರೆದ. ಬೆಳಿಗ್ಗೆ ಹಾಲಿನ ಕ್ಯಾನು, ಆಮೇಲೆ ಸ್ಕೂಲ್ ಮಕ್ಕಳ ಬಿಸಿಯೂಟದ ತಟ್ಟೆ, ದನ ವಾಪಸ್ ಬರೋ ಹೊತ್ತಿಗೆ ಒಂದು ಹಸು, ಸಂಜೆ ಮತ್ತೆ ಹಾಲಿನ ಕ್ಯಾನು. ಎಂಟೂ ಮನೆಗೆ ಹೀಗೇ ಒಂದೊಂದು ರಟ್ಟು ಆಯಿತು, ಪ್ರತಿ ಮನೆಯವರನ್ನೂ ಕೂರಿಸಿಕೊಂಡು ಅವರ ಹೊತ್ತು ಯಾವುದು ಅಂತ ಕೇಳಿ ಬರೆದರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಮೇಲೆ ಅಜ್ಜಿ ಮೊದಲು ನೋಡಿದ್ದು ನೀರಿನ ಚೊಂಬು. ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ, ಇಷ್ಟು ಕೊಳೆ ಹಿಡಿದಿತ್ತಾ? ಇದ್ರಲ್ಲೇ ನಿಮ್ಗೂ ನೀರ್ ಕೊಟ್ನಲ್ಲ ಮಗ" ಅಂತ ಬೂದಿ ತೆಗೆದುಕೊಂಡು ಬೆಳಗೋಕೆ ಕೂತುಬಿಟ್ಟರು. ಬಗ್ಗಬೇಡಿ ಅಜ್ಜಿ ಅಂದರೆ ಕೇಳಲಿಲ್ಲ. ಹುಡುಗ ಚೊಂಬು ಕಿತ್ತುಕೊಂಡು ತಾನೇ ಬೆಳಗಿದ. ಅಜ್ಜಿ ಪಕ್ಕದಲ್ಲಿ ಕೂತು, ಅಲ್ಲಿ ಇನ್ನೂ ಐತೆ, ಇಲ್ಲಿ ಇನ್ನೂ ಐತೆ ಅಂತ ತೋರಿಸುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು.

ನಾವು ಮೈಸೂರಿಗೆ ವಾಪಸ್ ಬಂದ ಮೇಲೆ ನೀರು, ಒಲೆ ನೋಡಿಕೊಳ್ಳೋಕೆ ಪಕ್ಕದ ಮನೆ ಸೊಸೆಯನ್ನು ಮೊದಲೇ ಮಾತಾಡಿಸಿಟ್ಟಿದ್ದರು. ಒಂದೊಂದು ಮನೆಗೂ ಹೀಗೆ ಒಬ್ಬೊಬ್ಬರು ಊರಿನವರೇ.

ಪಿಂಚಣಿ ಕೆಲಸವೂ ಚೆನ್ನಾಗಿತ್ತು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1200 ರೂಪಾಯಿ ಬರುತ್ತದೆ. ಆ ಊರಿನಲ್ಲಿ ಐದು ಜನಕ್ಕೆ ಅದು ನಿಂತುಹೋಗಿತ್ತು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಇಬ್ಬರದ್ದು ಹೆಸರಿನಲ್ಲಿ ಒಂದಕ್ಷರ ಆಚೀಚೆ. ಪಿಯುಸಿ ಹುಡುಗಿಯರು ಮೂರು ಜನ ಎಲ್ಲರ ಕಾಗದ ಜೋಡಿಸಿ, ಜೆರಾಕ್ಸ್ ಮಾಡಿಸಿ, ವಯಸ್ಸಾದವರ ಜೊತೆ ನಾಡಕಚೇರಿ, ಬ್ಯಾಂಕು ಎರಡೂ ಕಡೆ ಸಾಲಿನಲ್ಲಿ ನಿಂತರು. ಇಡೀ ದಿನ ಹಿಡಿಯಿತು. ಮೂವರದ್ದು ಸರಿಹೋಯಿತು. ಮಕ್ಕಳಿಗೆ ಇಂಥ ಕೆಲಸ ಕೊಟ್ಟಿದ್ದು ಒಳ್ಳೆಯದಾಯಿತು. ಸ್ವಂತ ಮನೆ ಕಾಗದಪತ್ರ ಮುಟ್ಟದ ಮಕ್ಕಳು ಅರ್ಜಿ ನಮೂನೆ ತುಂಬಿಸೋದನ್ನು ಕಲಿತರು. ಇದಲ್ಲದೆ ಒಂದು ಮನೆಗೆ ಹೆಂಚು ಹೊದಿಸಿದ್ದೂ ಆಯಿತು. ಊರಿನ ಗಾರೆ ಕೆಲಸದವರೇ ಕೂಲಿಗೆ ಬಂದು ಮಾಡಿದರು, ನಮ್ಮ ಹುಡುಗರು ಹೆಂಚು ಎತ್ತಿಕೊಟ್ಟರು ಅಷ್ಟೇ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಧರ್ಮದ ವಿಷಯ ಮಾತಾಡುತ್ತಾರಾ? ಊರಿನವರ ಹತ್ತಿರ ಇಲ್ಲ. ಬೆಳಿಗ್ಗೆ ಆರಕ್ಕೆ ನಾವು ಉಳಿದುಕೊಂಡಿದ್ದ ಕೋಣೆಯ ಬಾಗಿಲು ಹಾಕಿಕೊಂಡು ನಮ್ಮ ಪಾಡಿಗೆ ಪ್ರಾರ್ಥನೆ, ರಾತ್ರಿ ಜಪಮಾಲೆ, ಅಷ್ಟೇ. ಯಾರನ್ನೂ ಕರೆಯಲಿಲ್ಲ, ಯಾರಿಗೂ ಪುಸ್ತಕ ಹಂಚಲಿಲ್ಲ. ಬಂದಿದ್ದವರಲ್ಲಿ ನಾಲ್ಕು ಮಕ್ಕಳು ಹಿಂದೂ ಮನೆಯವರು, ಒಬ್ಬಳು ಮುಸ್ಲಿಂ ಹುಡುಗಿ, ಮಕ್ಕಳ ಸ್ಕೂಲ್ ಸ್ನೇಹಿತರು. ಪ್ರಾರ್ಥನೆ ಹೊತ್ತಿಗೆ ಅವರು ಬೇಕಾದರೆ ಕೂರುತ್ತಿದ್ದರು, ಇಲ್ಲಾ ಅಡುಗೆ ಮನೆಗೆ ಬಂದು ನನಗೆ ಅವರೆಕಾಯಿ ಸುಲಿದು ಕೊಡುತ್ತಿದ್ದರು. ನನ್ನ ಮಟ್ಟಿಗೆ ಹೇಳುವುದಾದರೆ, ಆ ನಾಲ್ಕು ದಿನ ಪ್ರಾರ್ಥನೆಯಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ದೇವರನ್ನು ಬೇಡಿಕೊಂಡೆ, ಶುಗರ್ ತಾತನ ಹೆಸರು ಎಲ್ಲರಿಗಿಂತ ಮೊದಲು.

ಊಟ ಚೆನ್ನಾಗಿತ್ತು. ಊರಿನ ಇಬ್ಬರು ಹೆಂಗಸರು ಕೂಲಿಗೆ ಬಂದು ಅಡುಗೆ ಮಾಡಿದರು, ನಾನು ಕೈ ಜೋಡಿಸಿದೆ. ಅವರೆಕಾಳು ಸಾರು, ಬಸ್ಸಾರು, ಮುದ್ದೆ. ಮೊದಲ ದಿನ ಮುದ್ದೆ ಬೇಡ ಅಂದ ಸಿಟಿ ಮಕ್ಕಳು ನಾಲ್ಕನೇ ದಿನ ಎರಡೆರಡು ತಿಂದರು.

ಈಗ ಒಂದು ಅಂಕ ಯಾಕೆ ಕಡಿಮೆ ಅಂತ ಹೇಳಬೇಕು. ಇಪ್ಪತ್ತೆರಡು ಮಕ್ಕಳು ಜಾಸ್ತಿ ಆಯಿತು. ಹದಿನಾಲ್ಕು ಸಾಕಿತ್ತು. ಹೆಂಚಿನ ಮನೆ ಹತ್ತಿರ ಏಳೆಂಟು ಜನ ಸುಮ್ನೆ ನಿಂತಿದ್ದರು, ಆ ಮನೆಯವರಿಗೆ ಅಷ್ಟೂ ಜನಕ್ಕೆ ಟೀ ಕಾಯಿಸುವ ಕೆಲಸ. ಉಳಿದುಕೊಂಡ ಕಡೆ ಹುಡುಗಿಯರಿಗೆ ಒಂದೇ ಶೌಚಾಲಯ, ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಬೇಕಾಯಿತು. ಒಬ್ಬ ಹುಡುಗನಿಗೆ ಮೊಳೆ ಚುಚ್ಚಿತು, ನೋಡಿದರೆ ನಮ್ಮ ಹತ್ತಿರ ಡೆಟಾಲ್, ಹತ್ತಿ ಏನೂ ಇಲ್ಲ. ಟಿಟಿ ಇಂಜೆಕ್ಷನ್ ಹಾಕಿಸೋಕೆ ಸ್ಕೂಟರಿನಲ್ಲಿ ಓಡಬೇಕಾಯಿತು. ಬೇರೆಯವರ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಇದು ತಪ್ಪು, ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ, ಒಪ್ಪಿಕೊಂಡಿದ್ದಾರೆ.

ಇನ್ನೊಂದು, ಕೊನೆಯ ಸಂಜೆ ಕಾರ್ಯಕ್ರಮ. ಹಾಡು, ನಾಟಕ, ಆಮೇಲೆ ನಮಗೇ ಶಾಲು ಹೊದಿಸಿ ಸನ್ಮಾನ. ಊರಿನವರು ಪ್ರೀತಿಯಿಂದ ಮಾಡಿದ್ದು, ಸರಿ. ಆದರೆ ಆಪರೇಷನ್ ಆದ ಮುದುಕರನ್ನು ಟ್ಯೂಬ್‌ಲೈಟ್ ಎದುರಿಗೆ ಎರಡು ಗಂಟೆ ಕೂರಿಸಿದ್ದು ನನಗೆ ಹಿಡಿಸಲಿಲ್ಲ. ಶಾಲಿನ ದುಡ್ಡಿನಲ್ಲಿ ಇನ್ನೊಂದು ಸಲ ವ್ಯಾನು ಬರುತ್ತಿತ್ತು. ಫೋಟೋ ಮಾತ್ರ ಕಟ್ಟುನಿಟ್ಟು, ಕೇಳದೆ ಯಾರ ಮುಖವನ್ನೂ ತೆಗೆಯುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದರು, ಮಕ್ಕಳೂ ಹಾಗೇ ನಡೆದುಕೊಂಡರು.

ಬಂದ ಮೇಲೂ ಬಿಡಲಿಲ್ಲ. ಜನವರಿಯಲ್ಲಿ ಎರಡು ಸಲ, ಫೆಬ್ರವರಿಯಲ್ಲಿ ಒಂದು ಸಲ ಮೂರು ನಾಲ್ಕು ಜನರ ಗುಂಪು ಮಾಡಿಕೊಂಡು ಹೋಗಿ, ಡ್ರಾಪ್ಸ್ ಸರಿಯಾಗಿ ಹಾಕಿಕೊಂಡಿದ್ದಾರಾ ನೋಡಿ, ಆಸ್ಪತ್ರೆಗೆ ಮರುಪರೀಕ್ಷೆಗೆ ಕರೆದುಕೊಂಡು ಬಂದರು. ಅಜ್ಜಿ ಮನೆಯ ರಟ್ಟು ಗೋಡೆ ಮೇಲೆ ಇನ್ನೂ ಇದೆ. ಪಿಂಚಣಿ ಉಳಿದ ಇಬ್ಬರದ್ದು ಇನ್ನೂ ಆಗಿಲ್ಲ, ಆ ಹುಡುಗಿಯರು ಫೋನ್ ಮಾಡಿ ವಿಚಾರಿಸುತ್ತಲೇ ಇದ್ದಾರೆ.

ಏಪ್ರಿಲ್‌ನಲ್ಲಿ ಅದೇ ಊರಿಗೆ ಮತ್ತೆ ಹೋಗುತ್ತಿದ್ದಾರೆ, ಈ ಸಲ ಹದಿನೈದೇ ಜನ, ಅದಕ್ಕೇ ಬೇಗ ಹೆಸರು ಕೊಡಿ. ಮಕ್ಕಳಿಗೆ ಸೊಳ್ಳೆ ಬತ್ತಿ, ಟಾರ್ಚು, ಟೋಪಿ, ಸ್ವಂತ ತಟ್ಟೆ ಲೋಟ ಕೊಟ್ಟು ಕಳಿಸಿ. ಶುಗರ್ ತಾತ ಮಾತ್ರೆ ಬಿಡದೆ ತೆಗೆದುಕೊಂಡು, ಟೀಗೆ ಸಕ್ಕರೆ ಬಿಟ್ಟು, ಹೋದ ವಾರ ಪರೀಕ್ಷೆ ಮಾಡಿಸಿದಾಗ ಶುಗರ್ ಇಳಿದಿದೆ. ವ್ಯಾನಿನಲ್ಲಿ ಅವರದ್ದೇ ಮೊದಲ ಸೀಟು, ಅವರ ಜೊತೆ ನಾನು ಹೋಗುತ್ತಿದ್ದೇನೆ.