ಕೀವರ್ಡ್ ನೋಡಿ ಬರೆದ ಲೇಖನ, ಕೆಲಸ ಮಾಡಿ ಬರೆದ ಲೇಖನ: ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ

ಸೈಕಲ್ ಚೈನ್‌ಗೆ ಆಯಿಲ್ ಹಾಕುವುದರ ಬಗ್ಗೆ ನನ್ನ ವೆಬ್‌ಸೈಟ್‌ನಲ್ಲಿ ಎರಡು ಲೇಖನ ಬರೆದೆ. ಒಂದನ್ನು ಗೂಗಲ್‌ಗಾಗಿ. ಇನ್ನೊಂದನ್ನು ಆಯಿಲ್ ಡಬ್ಬಿ ಕೈಯಲ್ಲಿ ಹಿಡಿದು ಕೂತವರಿಗಾಗಿ. ಆರು ತಿಂಗಳು ಎರಡೂ ಜೊತೆಗೇ ಇದ್ದವು.

ಮೊದಲನೆಯದಕ್ಕೆ ಕೀವರ್ಡ್ ಟೂಲ್‌ನಿಂದ, ಅಂದರೆ ಜನ ಯಾವ ಮಾತು ಹಾಕಿ ಹುಡುಕುತ್ತಾರೆ ಅಂತ ತೋರಿಸುವ ಸಾಧನದಿಂದ, ಪಟ್ಟಿ ತೆಗೆದೆ. ಸರ್ಚ್‌ನ ಮೊದಲ ಪುಟದಲ್ಲಿದ್ದ ಹತ್ತು ಲೇಖನ ಓದಿದೆ. ಅವುಗಳಲ್ಲಿದ್ದ ಉಪಶೀರ್ಷಿಕೆಗಳನ್ನೆಲ್ಲ ಒಂದೆಡೆ ಸೇರಿಸಿದೆ. ‘ಸೈಕಲ್ ಚೈನ್ ಕ್ಲೀನಿಂಗ್’ ಅನ್ನುವ ಮಾತು ಪ್ಯಾರಾಗೊಂದು ಸಲ ಬರುವಂತೆ ನೋಡಿಕೊಂಡೆ. ಚೈನ್ ಎಂದರೇನು ಅನ್ನುವಲ್ಲಿಂದ ಶುರು, ಕೊನೆಗೆ ಒಂದಷ್ಟು ಪ್ರಶ್ನೋತ್ತರ. ಒಟ್ಟು 2,000 ಪದ. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಸೈಕಲ್ ಮುಟ್ಟುವ ಅಗತ್ಯವೇ ಬರಲಿಲ್ಲ.

ಎರಡನೆಯದು ಅದರ ಅರ್ಧವೂ ಇಲ್ಲ, ಆದರೆ ಎರಡು ದಿನ ಹಿಡಿಯಿತು. ಸೈಕಲ್ ನಿಲ್ಲಿಸಿಕೊಂಡು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಚೈನಿನ ಒಂದೊಂದು ರೋಲರ್‌ಗೂ ಒಂದೊಂದು ಹನಿ ಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು, ಹೊರಗಿನ ಆಯಿಲನ್ನೆಲ್ಲ ಒರೆಸಿದೆ. ಆಯಿಲ್ ಬೇಕಾಗಿರುವುದು ರೋಲರ್ ಒಳಗೆ. ಹೊರಗೆ ಉಳಿದದ್ದು ಧೂಳು ಹಿಡಿಯುತ್ತದೆ, ಕಪ್ಪು ಜಿಡ್ಡಾಗುತ್ತದೆ, ಚೈನನ್ನೇ ಸವೆಸುತ್ತದೆ. ಈ ಒರೆಸುವ ಮಾತು ನನ್ನ ಮೊದಲ ಲೇಖನದಲ್ಲಿ ಇರಲೇ ಇಲ್ಲ. ಯಾಕಂದ್ರೆ ನಾನು ಓದಿದ ಹತ್ತರಲ್ಲೂ ಇರಲಿಲ್ಲ. ಇದ್ದದ್ದನ್ನೇ ಸೇರಿಸಿ ಬರೆದರೆ, ಇಲ್ಲದ್ದು ಎಲ್ಲಿಂದ ಬರಬೇಕು ಅಲ್ವಾ?

ನಮ್ಮ ಪುಟ ಗೂಗಲ್‌ನಲ್ಲಿ ಎಷ್ಟು ಸಲ ಕಂಡಿತು, ಎಷ್ಟು ಜನ ತೆರೆದರು ಅಂತ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಮೊದಲನೆಯದಕ್ಕೇ ಇಂಪ್ರೆಷನ್ (ಫಲಿತಾಂಶಗಳಲ್ಲಿ ಕಾಣಿಸಿಕೊಂಡ ಲೆಕ್ಕ) ಜಾಸ್ತಿ. ಕ್ಲಿಕ್ ಮಾತ್ರ ಬೆರಳೆಣಿಕೆಯಷ್ಟು. ಸಾವಿರಾರು ಪುಟಗಳು ಅದೇ ಮಾತು ಹೇಳುವಾಗ ನನ್ನದನ್ನೇ ಯಾರಾದರೂ ಯಾಕೆ ತೆರೆಯಬೇಕು? ಎರಡನೆಯದು ಕಾಣಿಸಿಕೊಂಡದ್ದು ಕಡಿಮೆ, ಆದರೆ ಅದನ್ನು ತಲುಪಿದವರು ಹುಡುಕಿದ್ದನ್ನು ನೋಡಿ ಖುಷಿಯಾಯಿತು. ‘ಆಯಿಲ್ ಹಾಕಿದ ಮೇಲೆ ಚೈನ್ ಕಪ್ಪಾಗಿದೆ’ ಅಂತ ಒಬ್ಬರು ಹುಡುಕಿದ್ದರು. ಯಾವ ಕೀವರ್ಡ್ ಟೂಲ್ ಕೂಡ ನನಗೆ ಈ ಸಾಲು ತೋರಿಸಿರಲಿಲ್ಲ. ಅವರಿಗೆ ಬೇಕಾದ ಉತ್ತರ ನನ್ನ ಪುಟದಲ್ಲಿತ್ತು.

ಗೂಗಲ್ ಕೂಡ ಬಹಳ ವರ್ಷದಿಂದ ಈ ದಿಕ್ಕಿನಲ್ಲೇ ಹೋಗುತ್ತಿದೆ. ಪುಟದ ಕೋಡ್‌ನಲ್ಲಿ ಕೀವರ್ಡ್‌ಗಳನ್ನು ಬರೆದಿಡುವ ಮೆಟಾ ಕೀವರ್ಡ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ 2009ರಲ್ಲೇ ಹೇಳಿತು. 2011ರಲ್ಲಿ ತನ್ನ ಸರ್ಚ್ ವ್ಯವಸ್ಥೆಗೆ ತಂದ ಪಾಂಡಾ ಅಪ್‌ಡೇಟ್ ಹುರುಳಿಲ್ಲದ ಪುಟಗಳನ್ನು ರಾಶಿ ಹಾಕುವ ಸೈಟ್‌ಗಳನ್ನು ಕೆಳಕ್ಕೆ ತಳ್ಳಿತು. ಸರ್ಚ್ ಫಲಿತಾಂಶಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ‘ಅನುಭವ’ ಅನ್ನುವುದನ್ನೂ ಸೇರಿಸಿತು. ಬರೆದವರು ಆ ಕೆಲಸವನ್ನು ತಾವೇ ಮಾಡಿದ್ದಾರಾ ಅನ್ನುವುದೂ ಲೆಕ್ಕಕ್ಕೆ ಬಂತು. ಹಾಗಂತ ಟೊಳ್ಳು ಲೇಖನಗಳು ಮೇಲೆ ಬರುವುದು ನಿಂತಿಲ್ಲ. ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಆದರೆ ಕೀವರ್ಡ್ ಕೆಲಸ ಸುಮ್ನೆ ವ್ಯರ್ಥ ಅಂತ ನಾನು ಹೇಳಲಾರೆ. ಎರಡನೆಯ ಲೇಖನಕ್ಕೆ ನಾನು ಮೊದಲು ಕೊಟ್ಟ ಹೆಸರು ‘ಚೈನಿನ ಆರೈಕೆ’. ಹಾಗೆ ಯಾರೂ ಹುಡುಕುವುದಿಲ್ಲ. ಜನ ‘ಆಯಿಲ್’ ಅಂತಾರೆ, ‘ಎಷ್ಟು’ ಅಂತ ಕೇಳ್ತಾರೆ. ಹೆಸರನ್ನು ‘ಸೈಕಲ್ ಚೈನ್‌ಗೆ ಆಯಿಲ್ ಹಾಕುವುದು ಹೇಗೆ, ಎಷ್ಟು?’ ಅಂತ ಬದಲಿಸಿದೆ. ಒಳಗಿನ ಒಂದು ಸಾಲನ್ನೂ ಮುಟ್ಟಲಿಲ್ಲ. ಕೆಲವೇ ವಾರಗಳಲ್ಲಿ ಕ್ಲಿಕ್ ಏರತೊಡಗಿತು. ಶೀರ್ಷಿಕೆಗೆ ಓದುಗರ ಮಾತು ಬೇಕು, ಅದನ್ನು ಕೀವರ್ಡ್ ಟೂಲ್ ಚೆನ್ನಾಗಿ ಹುಡುಕಿಕೊಡುತ್ತದೆ. ಒಳಗೆ ಏನು ಬರೆಯಬೇಕು ಅಂತ ಅದನ್ನು ಕೇಳಿದ್ದೇ ನಾನು ಮಾಡಿದ ತಪ್ಪು.

ಒಂದೊಂದು ಕೀವರ್ಡ್‌ಗೂ ಒಂದೊಂದು ಪುಟ ಮಾಡುವ ದಾರಿಯನ್ನೂ ನೋಡಿದೆ. ನಾಲ್ಕು ಪುಟ ಹಾಕುವಷ್ಟರಲ್ಲಿ ಅವು ಸರ್ಚ್‌ನಲ್ಲಿ ಒಂದಕ್ಕೊಂದು ಪೈಪೋಟಿಯಾಗಿ ಅಡ್ಡ ಬಂದವು. ತೆಗೆದುಬಿಟ್ಟೆ.

ಮೊದಲ ಲೇಖನವೂ ಈಗ ಇಲ್ಲ. ಅದರ ವಿಳಾಸಕ್ಕೆ 301 ರೀಡೈರೆಕ್ಟ್ ಹಾಕಿದ್ದೇನೆ, ಅಲ್ಲಿಗೆ ಬಂದವರು ನೇರವಾಗಿ ಎರಡನೆಯದಕ್ಕೆ ಹೋಗುತ್ತಾರೆ. ಮುಂದಿನದು ಬ್ರೇಕ್ ಬಗ್ಗೆ. ಜನ ಹುಡುಕುವ ಮಾತುಗಳನ್ನು ಬರೆದಿಟ್ಟುಕೊಂಡಿದ್ದೇನೆ, ಬ್ರೇಕ್ ಬಿಚ್ಚುವುದು ಬಾಕಿ ಇದೆ.