ಮಾತಂಗ ಪರ್ವತದ ಸೂರ್ಯೋದಯ, ಐದು ಬಗೆಯ ಎಚ್‌ಡಿಆರ್

ಹಂಪಿಯ ಮಾತಂಗ ಪರ್ವತದ ತುದಿಯಲ್ಲಿ ಸೂರ್ಯ ಮೂಡುವ ಹೊತ್ತಿಗೆ ಆಕಾಶಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿದರೆ ಕೆಳಗಿನ ಅಚ್ಯುತರಾಯ ದೇವಸ್ಥಾನ ಕಪ್ಪು ಮುದ್ದೆ, ದೇವಸ್ಥಾನಕ್ಕೆ ಹೊಂದಿಸಿದರೆ ಆಕಾಶ ಬರೀ ಬಿಳಿ. ಬೆಳಕು, ನೆರಳು ಎರಡರ ವಿವರವನ್ನೂ ಒಂದೇ ಚಿತ್ರದಲ್ಲಿ ಉಳಿಸುವುದೇ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್). ಇಂಥ ದೃಶ್ಯದ ಒಂದೇ ಸೆಟ್ ಫ್ರೇಮ್‌ಗಳನ್ನು ಐದು ಬಗೆಯಲ್ಲಿ ಸಂಸ್ಕರಿಸಿದಾಗ ಏನಾಗುತ್ತದೆ ಎಂಬ ಹೋಲಿಕೆ ಇದು. ಮುಖ್ಯವಾಗಿ ಗಮನಿಸಿದ್ದು ಬಂಡೆ ಆಕಾಶಕ್ಕೆ ತಾಗುವ ಅಂಚನ್ನು. ಎಚ್‌ಡಿಆರ್ ಮೊದಲು ಕೆಡುವುದೇ ಅಲ್ಲಿ.

ತೆಗೆಯುವಾಗ ಟ್ರೈಪಾಡ್, ರಾ (ಸೆನ್ಸರ್‌ನ ಸಂಸ್ಕರಿಸದ ಕಡತ), ಐಎಸ್‌ಒ 100, ಎಫ್ 8. ಶಟರ್ ಮಾತ್ರ ಬದಲು: 1/500, 1/125, 1/30, ಅಂದರೆ ಎರಡೆರಡು ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ). ಅಪರ್ಚರ್ (ಲೆನ್ಸಿನ ತೆರಪು, ಇಲ್ಲಿನ ಎಫ್ 8) ಬದಲಿಸಿದರೆ ಫೋಕಸ್‌ನ ಆಳವೂ ಬದಲಾಗಿ ಫ್ರೇಮ್‌ಗಳ ಅಂಚು ಕೂಡುವುದಿಲ್ಲ. ಫೋಕಸ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಒಂದೇ. ಅತಿ ಕಪ್ಪು ಫ್ರೇಮ್‌ನಲ್ಲಿ ಸೂರ್ಯಬಿಂಬ ಬಿಟ್ಟು ಬೇರೇನೂ ಕ್ಲಿಪ್ (ವಿವರವಿಲ್ಲದ ಬರೀ ಬಿಳಿ) ಆಗಿರಬಾರದು. ಆಗಿದ್ದರೆ ಇನ್ನೊಂದು ಫ್ರೇಮ್ ತೆಗೆಯಿರಿ.

ಮೊದಲು ಒಂದೇ ರಾ. ಇಂದಿನ ಒಳ್ಳೆಯ ಸೆನ್ಸರ್‌ಗಳಲ್ಲಿ ನೆರಳನ್ನು ಮೂರು ಸ್ಟಾಪ್‌ವರೆಗೆ ಎತ್ತಬಹುದು. ಅದಕ್ಕೂ ಮೇಲೆ ಹೋದರೆ ಕಲ್ಲಿನ ಮೇಲೆ ನಾಯ್ಸ್ (ಮರಳಿನಂಥ ಚುಕ್ಕೆ), ಜೊತೆಗೆ ನೇರಳೆ ಛಾಯೆ. ಸೂರ್ಯ ಇನ್ನೂ ಮೂಡಿಲ್ಲದಿದ್ದರೆ ಇಷ್ಟೇ ಸಾಕು, ಉಳಿದ ರಗಳೆ ಬೇಡ.

ಲೈಟ್‌ರೂಮ್‌ನ ಎಚ್‌ಡಿಆರ್ ಮರ್ಜ್ ದಿನಬಳಕೆಗೆ ಸರಿ. ಮೂರು ಫ್ರೇಮ್ ಸೇರಿ ಒಂದು ಡಿಎನ್‌ಜಿ (ರಾ ಬಗೆಯ ಕಡತ) ಆಗುತ್ತದೆ, ಎಕ್ಸ್‌ಪೋಷರ್ ಸ್ಲೈಡರ್ ಐದರ ಬದಲು ಹತ್ತು ಸ್ಟಾಪ್‌ವರೆಗೆ ಓಡುತ್ತದೆ, ನೆರಳು ಸ್ವಚ್ಛ. ಗಾಳಿಗೆ ಗಿಡ ಅಲ್ಲಾಡಿದ್ದರೆ ಡಿಗೋಸ್ಟ್ (ಅಲ್ಲಾಡಿದ್ದು ಎರಡೆರಡಾಗಿ ಕಾಣದಂತೆ ಮಾಡುವ ಆಯ್ಕೆ) ಅನ್ನು ‘ಲೋ’ದಲ್ಲಿಡಿ. ‘ಹೈ’ಗೆ ಹಾಕಿದರೆ ಅಷ್ಟು ಜಾಗಕ್ಕೆ ಒಂದೇ ಫ್ರೇಮ್ ಬಳಕೆಯಾಗಿ, ಸ್ವಚ್ಛ ಕಲ್ಲಿನ ನಡುವೆ ನಾಯ್ಸ್ ತುಂಬಿದ ತೇಪೆ ಕಾಣುತ್ತದೆ. ಶ್ಯಾಡೋಸ್ +100, ಹೈಲೈಟ್ಸ್ -100 ಎರಡನ್ನೂ ಒಟ್ಟಿಗೆ ಎಳೆದರೆ ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ.

ಎಚ್‌ಡಿಆರ್ ತಂತ್ರಾಂಶ ಫೋಟೋಮ್ಯಾಟಿಕ್ಸ್‌ನ ಡೀಟೇಲ್ಸ್ ಎನ್‌ಹ್ಯಾನ್ಸರ್ ಈ ದೃಶ್ಯಕ್ಕೆ ಹೊಂದಲಿಲ್ಲ. ಅದು ಪ್ರತಿ ಪಿಕ್ಸೆಲನ್ನು ಸುತ್ತಲಿನ ಬೆಳಕಿನೊಂದಿಗೆ ಹೋಲಿಸಿ ತೂಗುತ್ತದೆ. ಕಪ್ಪು ಬಂಡೆಯ ಪಕ್ಕದ ಆಕಾಶಕ್ಕೆ ‘ಸುತ್ತಲೂ ಕತ್ತಲೆ’ ಎಂದು ಲೆಕ್ಕ ಬಿದ್ದು ಅಲ್ಲಿ ಬೆಳಕು ಏರುತ್ತದೆ, ಬಂಡೆಗೆ ಬಿಳಿ ಪ್ರಭಾವಳಿ ಮೂಡುತ್ತದೆ. ಉತ್ಸವಮೂರ್ತಿಗೆ ಚೆಂದ, ಬಂಡೆಗಲ್ಲ. ಸ್ಟ್ರೆಂತ್ 50ಕ್ಕಿಂತ ಕೆಳಗೆ ತಂದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಎನ್‌ಫ್ಯೂಸ್ ಉಚಿತ ತಂತ್ರಾಂಶ. ಅದರ ಮೂಲ 2007ರಲ್ಲಿ ಮೆರ್ಟೆನ್ಸ್, ಕೌಟ್ಸ್, ವ್ಯಾನ್ ರೀತ್ ಪ್ರಕಟಿಸಿದ ಎಕ್ಸ್‌ಪೋಷರ್ ಫ್ಯೂಷನ್ ವಿಧಾನ. ಎಚ್‌ಡಿಆರ್ ಕಡತವನ್ನೇ ಕಟ್ಟದೆ, ಪ್ರತಿ ಫ್ರೇಮ್‌ನಿಂದ ಹದವಾಗಿ ಬೆಳಗಿದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಫ್ರೇಮ್‌ಗಳನ್ನು 16 ಬಿಟ್ ಟಿಫ್ ಕಡತಗಳಾಗಿ ಕೊಡಿ. ಮಂಟಪದೊಳಗಿನಿಂದ ಹೊರಗೆ ನೋಡುವ ಚಿತ್ರಕ್ಕೆ ಇದರಷ್ಟು ಸಹಜ ಬೇರೊಂದಿಲ್ಲ. ಸೂರ್ಯ ಚೌಕಟ್ಟಿನೊಳಗಿದ್ದರೆ ಮಾತ್ರ ಸೋಲುತ್ತದೆ: ಎಲ್ಲವನ್ನೂ ಮಧ್ಯಮ ಬೆಳಕಿಗೆ ಎಳೆಯುವುದರಿಂದ ಸೂರ್ಯನ ಸುತ್ತಲಿನ ಕಾವೇ ಹೋಗುತ್ತದೆ.

ಆಗ ಗೆಲ್ಲುವುದು ಫೋಟೋಶಾಪ್‌ನ ಲುಮಿನಾಸಿಟಿ ಮಾಸ್ಕ್ (ಚಿತ್ರದ ಬೆಳಕನ್ನೇ ಆಧರಿಸಿದ ಮರೆ). ಕೆಳಗೆ 1/30, ಮೇಲೆ 1/500 ಲೇಯರ್. ಮೇಲಿನದನ್ನು ಮರೆಮಾಡಿ, ಚಾನೆಲ್ಸ್‌ನಲ್ಲಿ ಕಂಟ್ರೋಲ್ ಒತ್ತಿ ಆರ್‌ಜಿಬಿ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಬೆಳಕಿನ ಭಾಗ ಆಯ್ಕೆಯಾಗುತ್ತದೆ. ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಇನ್ನೊಮ್ಮೆ ಕ್ಲಿಕ್ಕಿಸಿದರೆ ಆಯ್ಕೆ ಇನ್ನೂ ಕಿರಿದು. ಮೇಲಿನ ಲೇಯರನ್ನು ಮತ್ತೆ ತೋರಿಸಿ ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ಈ ಆಯ್ಕೆ ಇದ್ದಂತೆಯೇ 10-15% ಫ್ಲೋದ ಬಿಳಿ ಬ್ರಷ್‌ನಿಂದ ಆಕಾಶವನ್ನು ನಾಲ್ಕೈದು ಸಲ ಸವರಿ. ಗೋಪುರ ಕಪ್ಪಗಿರುವುದರಿಂದ ಬಣ್ಣ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ನೇರ ಗ್ರೇಡಿಯಂಟ್ ಎಳೆದಿದ್ದರೆ ಗೋಪುರದ ತುದಿಯೂ ಕಪ್ಪಾಗುತ್ತಿತ್ತು. ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಮಾಸ್ಕನ್ನು ಬ್ಲರ್ ಮಾಡುವಾಗ ಒಂದೆರಡು ಪಿಕ್ಸೆಲ್ ದಾಟಬೇಡಿ, ಇಲ್ಲವಾದರೆ ಅದೇ ಪ್ರಭಾವಳಿ ಹಿಂಬಾಗಿಲಿನಿಂದ ಬರುತ್ತದೆ. 1/30ರಲ್ಲಿ ಸೂರ್ಯನ ಬೆಳಕು ಗೋಪುರದ ಅಂಚನ್ನೇ ತಿಂದಿದ್ದರೆ ಕೆಳಗಿನ ಲೇಯರಿಗೆ 1/125 ಹಾಕಿ ನೆರಳು ಎತ್ತಿಕೊಳ್ಳಿ.