ಹಾಡಿನ ಕಂಪ್ಯೂಟರಿಗೆ ಯಾವುದು: ಹಾರ್ಡ್‌ಡಿಸ್ಕೋ, ಸಾಟಾ ಎಸ್‌ಎಸ್‌ಡಿಯೋ, ಎನ್‌ವಿಎಂಇಯೋ?

ರೆಕಾರ್ಡಿಂಗ್‌ಗೆ ಭಾರಿ ವೇಗದ ಡ್ರೈವ್ ಬೇಕು ಅನ್ನುವವರು ಒಮ್ಮೆ ಲೆಕ್ಕ ಹಾಕಲಿ. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕಿಗೆ ಸೆಕೆಂಡಿಗೆ 144 ಕಿಲೋಬೈಟ್. 32 ಟ್ರ್ಯಾಕ್ ಒಟ್ಟಿಗೆ ಓಡಿದರೂ 5 ಎಂಬಿ ಮುಟ್ಟುವುದಿಲ್ಲ. ಇಷ್ಟಕ್ಕೆ 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಧಾರಾಳ.

ಅದು ಸೋಲುವುದು ಸ್ಯಾಂಪಲ್ ಲೈಬ್ರರಿ ಎದುರು, ಅಂದರೆ ವಾದ್ಯದ ಒಂದೊಂದು ಸ್ವರವನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟ ಫೈಲುಗಳ ರಾಶಿ ಎದುರು. ಪೆಡಲ್ ಒತ್ತಿ ಪಿಯಾನೋ ನುಡಿಸಿದಾಗ ಹತ್ತಾರು ಸ್ಯಾಂಪಲ್ಲುಗಳು ಡಿಸ್ಕಿನ ಬೇರೆ ಬೇರೆ ಜಾಗದಿಂದ ಒಮ್ಮೆಲೇ ಬರಬೇಕು. ಒಂದೊಂದು ಜಿಗಿತಕ್ಕೂ ಹೆಚ್ಚುಕಡಿಮೆ 10 ಮಿಲಿಸೆಕೆಂಡ್ ಹೋಗುತ್ತದೆ. ಸ್ವರ ನಡುವೆಯೇ ಕಡಿದುಹೋಗುತ್ತದೆ. ಆಗ ಎಲ್ಲರೂ ಮೊದಲು ಏರಿಸುವುದು ಆಡಿಯೋ ಇಂಟರ್ಫೇಸಿನ (ಮೈಕ್, ಸ್ಪೀಕರ್ ಜೋಡಿಸುವ ಪೆಟ್ಟಿಗೆ) ಬಫರ್, ಅಂದರೆ ಧ್ವನಿಯ ತಾತ್ಕಾಲಿಕ ದಾಸ್ತಾನು. ಅದು ಪ್ರೊಸೆಸರಿನ ಕಷ್ಟಕ್ಕೆ ಮದ್ದು, ಡಿಸ್ಕಿನದಕ್ಕಲ್ಲ. ಡಿಸ್ಕಿನ ಕಷ್ಟಕ್ಕೆ ಸ್ಯಾಂಪ್ಲರಿನ (ಸ್ಯಾಂಪಲ್ ನುಡಿಸುವ ಸಾಫ್ಟ್‌ವೇರ್) ಪ್ರೀಲೋಡ್ ಬಫರ್, ಅಂದರೆ ಪ್ರತಿ ಸ್ಯಾಂಪಲ್ಲಿನ ಮೊದಲೇ ತುಂಬಿಟ್ಟುಕೊಳ್ಳುವ ಆರಂಭದ ತುಣುಕು, ಏರಿಸಬೇಕು, ಅದೋ ರ‍್ಯಾಮ್ ನುಂಗುತ್ತದೆ.

ಸಾಟಾ ಕೇಬಲ್ಲಿಗೆ ಸೇರುವ, ತಿರುಗುವ ತಟ್ಟೆಯಿಲ್ಲದ ಚಿಪ್ ಡ್ರೈವ್ ಆದ ಸಾಟಾ ಎಸ್‌ಎಸ್‌ಡಿಯಲ್ಲಿ ಲೆಕ್ಕ ತಲೆಕೆಳಗು. ಕಾಂಟ್ಯಾಕ್ಟ್ ಸ್ಯಾಂಪ್ಲರಿನಲ್ಲಿ 60 ಕೆಬಿ ಇರುವ ಪ್ರೀಲೋಡನ್ನು 12ಕ್ಕೆ ಇಳಿಸಿ ನೋಡಿ, ರ‍್ಯಾಮ್ ಎಷ್ಟು ಉಳಿಯುತ್ತದೆಂದು ಕಣ್ಣಿಗೇ ಕಾಣುತ್ತದೆ. ಸ್ವರ ಕಡಿದರೆ 24ಕ್ಕೆ ಏರಿಸಿ.

ಎನ್‌ವಿಎಂಇ, ಅಂದರೆ ಮದರ್‌ಬೋರ್ಡಿನ ಎಂ.2 ಸ್ಲಾಟಿಗೇ ಕೂರುವ ಎಸ್‌ಎಸ್‌ಡಿ, ಸಾಧಾರಣದ್ದಾದರೂ ಕಾಗದದ ಮೇಲೆ ಸಾಟಾಗಿಂತ ಆರು ಪಟ್ಟು ವೇಗ: ಸೆಕೆಂಡಿಗೆ 550 ಎಂಬಿ ಎಲ್ಲಿ, 3500 ಎಲ್ಲಿ! ನುಡಿಸುವಾಗ ಮಾತ್ರ ಕಿವಿಗೆ ವ್ಯತ್ಯಾಸ ತಿಳಿಯದು. ಹತ್ತಾರು ವಾದ್ಯ ಜೋಡಿಸಿಟ್ಟ ದೊಡ್ಡ ಟೆಂಪ್ಲೇಟ್ ಬೇಗ ತೆರೆಯುತ್ತದೆ, ಆದರೆ ಆರು ಪಟ್ಟಲ್ಲ; ಸ್ಯಾಂಪಲ್ ಬಿಚ್ಚುವ ಕೆಲಸ ಪ್ರೊಸೆಸರಿನದೇ. ಇನ್ನೊಂದು ತೊಡಕು: ಹಲವು ಮದರ್‌ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದೊಡನೆ ಒಂದೆರಡು ಸಾಟಾ ಪೋರ್ಟ್ ಸತ್ತುಹೋಗುತ್ತವೆ. ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಬೋರ್ಡಿನ ಮ್ಯಾನ್ಯುಯಲ್ ನೋಡಿ. ಒಂದೊಂದು ಕೋಶಕ್ಕೂ ನಾಲ್ಕು ಬಿಟ್ ತುರುಕುವ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿಗೆ 200 ಜಿಬಿ ಲೈಬ್ರರಿ ತುಂಬುವಾಗ ಅದರ ಕ್ಯಾಶ್ (ವೇಗವಾಗಿ ಬರೆಯುವ ತಾತ್ಕಾಲಿಕ ಜಾಗ) ಮುಗಿದು ವೇಗ ಹಾರ್ಡ್‌ಡಿಸ್ಕಿಗಿಂತ ಕೆಳಗೂ ಬೀಳಬಹುದು. ಸ್ಯಾಂಪಲ್ ಒಮ್ಮೆ ಬರೆದು ನೂರು ಸಲ ಓದುವಂಥದ್ದು, ಹಾಗಾಗಿ ಅದು ತಡೆದುಕೊಳ್ಳಬಹುದಾದ ಕಾಟ.

ಆದ್ದರಿಂದ ಹಂಚಿಕೆ ಹೀಗಿರಲಿ: 500 ಜಿಬಿ ಎನ್‌ವಿಎಂಇಯಲ್ಲಿ ವಿಂಡೋಸ್, ಪ್ಲಗಿನ್, ಈಗ ನಡೆಯುತ್ತಿರುವ ಪ್ರಾಜೆಕ್ಟ್; 2 ಟಿಬಿ ಸಾಟಾದಲ್ಲಿ ಬರೀ ಸ್ಯಾಂಪಲ್; ಮುಗಿದ ಕೆಲಸ, ಬ್ಯಾಕಪ್ ಹಾರ್ಡ್‌ಡಿಸ್ಕಿಗೆ. ಎಸ್‌ಎಸ್‌ಡಿಗಳಲ್ಲಿ ಶೇ 15ರಷ್ಟಾದರೂ ಖಾಲಿ ಬಿಡಿ. ಸ್ಯಾಂಪಲ್ ಡ್ರೈವಿಗೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 'ಎಸ್' (S:) ಅಕ್ಷರ ಕೊಟ್ಟುಬಿಡಿ. ಅಕ್ಷರ ಬದಲಾದರೆ ಹಳೆ ಪ್ರಾಜೆಕ್ಟ್‌ಗಳೆಲ್ಲ ಸ್ಯಾಂಪಲ್ ಸಿಗುತ್ತಿಲ್ಲ ಎಂದು ಗೋಳಾಡುತ್ತವೆ.

ಅದೇ ಕೋಣೆಯಲ್ಲಿ ತಂಬೂರಿಗೆ ಮೈಕ್ ಇಟ್ಟರೆ ಹಾರ್ಡ್‌ಡಿಸ್ಕಿನ ಗುಂಯ್ ಕೂಡ ಶ್ರುತಿ ಸೇರಿಸುತ್ತದೆ. ಅದನ್ನು ಹೊರಗಿನ ಯುಎಸ್‌ಬಿ ಡಬ್ಬಿಗೆ ಹಾಕಿ, ಟೇಕ್ ಶುರುವಾಗುವ ಮುಂಚೆ ಇಜೆಕ್ಟ್ ಮಾಡಿಯೇ ಕೀಳಿ.